ಬರೆದಿಡುವುದು, ಕಾಪಾಡುವುದು: ಡೇಟಾಬೇಸಿನ ಮೊದಲ ಪಾಠಗಳು

ಪಹಣಿ ಎಂಬ ಕಾಗದದ ಬೆಲೆಯನ್ನು ಕರ್ನಾಟಕದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿನ ಸಾಲಕ್ಕೆ ಅದು ಬೇಕು, ಕೋರ್ಟಿನ ವ್ಯಾಜ್ಯಕ್ಕೆ ಬೇಕು, ಬೆಳೆ ಪರಿಹಾರಕ್ಕೂ ಬೇಕು. ಒಂದು ಕಾಲಕ್ಕೆ ಈ ದಾಖಲೆ ಇದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ವಹಿಯಲ್ಲಿ. ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000 ಮಂದಿ. ಪ್ರತಿ ಬೇಕಾದವರು ಅವರನ್ನೇ ಹುಡುಕಿಕೊಂಡು ಅಲೆಯಬೇಕು. ವಹಿಯಲ್ಲಿ ಒಂದು ಹೆಸರು ಬದಲಾಗಿದ್ದರೆ ಬದಲಿಸಿದವರು ಯಾರು, ಬದಲಿಸಿದ್ದು ಯಾವಾಗ ಎನ್ನುವುದು ತಿಳಿಯುವುದೇ ಕಷ್ಟ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಂದಾಯ ಇಲಾಖೆ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ಭೂಮಾಲೀಕರ, ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು.

ಆದರೆ ಭೂಮಿ ಯೋಜನೆಯ ಹೆಚ್ಚುಗಾರಿಕೆ ಇದ್ದದ್ದು ಮುದ್ರಣಯಂತ್ರದಲ್ಲಲ್ಲ. ದಾಖಲೆ ತಿದ್ದುವ ಅಧಿಕಾರ ಯಾರಿಗಿದೆ ಎಂಬುದನ್ನು ಅಲ್ಲಿ ಖಚಿತವಾಗಿ ಗೊತ್ತುಪಡಿಸಲಾಯಿತು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ವ್ಯವಸ್ಥೆಯ ಒಳಗೆ ಹೋಗಬೇಕಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶ ಕಟ್ಟುಮಾಡಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆಯೂ ಹೋಯಿತು. ಮಾಹಿತಿಯನ್ನು ತುಂಬಿಡುವುದು ಒಂದು ಕೆಲಸ. ಅದು ಕೆಡದಂತೆ, ಕಳೆದುಹೋಗದಂತೆ, ಅನ್ಯರ ಕೈಗೆ ಸಿಗದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಈ ಎರಡನ್ನೂ ಹೊತ್ತುಕೊಳ್ಳುವ ತಂತ್ರಾಂಶಕ್ಕೆ ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. ಎರಡನೆಯ ಕೆಲಸವನ್ನು ಮೊದಲ ದಿನದಿಂದಲೇ ಕಲಿಯಬೇಕು ಎಂಬುದು ಈ ಮಾತುಕತೆಯ ತಿರುಳು.

ಡೇಟಾಬೇಸ್ ಎಂದೊಡನೆ ದೊಡ್ಡ ಕಚೇರಿ, ತಂಪು ಕೋಣೆ, ಸಾಲುಸಾಲು ಯಂತ್ರಗಳು ಕಣ್ಣ ಮುಂದೆ ಬರುತ್ತವೆ. ಅಷ್ಟು ದೂರ ಹೋಗಬೇಕಾಗಿಲ್ಲ. ಈ ಮಾತನ್ನು ಕೇಳುತ್ತಿರುವ ಬಹುತೇಕರ ಜೇಬಿನಲ್ಲೇ ಒಂದು ಇದೆ. ಅಮೆರಿಕದ ರಿಚರ್ಡ್ ಹಿಪ್ 2000ನೇ ಇಸವಿಯಲ್ಲಿ ಬರೆದ ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಆಂಡ್ರಾಯ್ಡ್ ಫೋನುಗಳಲ್ಲೂ ಐಫೋನುಗಳಲ್ಲೂ ಕೆಲಸ ಮಾಡುತ್ತಿದೆ. ಫೋನಿನ ಸಂಪರ್ಕಗಳು, ಸಂದೇಶಗಳು ಕುಳಿತಿರುವುದು ಅಂಥ ಕಡತಗಳಲ್ಲಿ. ಹಿಪ್ ಅದನ್ನು ಯಾವ ಹಕ್ಕೂ ಉಳಿಸಿಕೊಳ್ಳದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ.

ಇಂದಿನ ಡೇಟಾಬೇಸುಗಳ ಹಿಂದಿರುವ ವಿಚಾರ 1970ರದ್ದು. ಅದಕ್ಕೂ ಮೊದಲು ಮಾಹಿತಿಯನ್ನು ತಾಯಿಬೇರು, ಕವಲುಬೇರುಗಳ ಹಾಗೆ ಹೆಣೆದು ಇಡುತ್ತಿದ್ದರು. ಐಬಿಎಂ ಕಂಪನಿಯ ಐಎಂಎಸ್ ಇಂಥದ್ದು. ಮನುಷ್ಯನನ್ನು ಚಂದ್ರನಿಗೆ ಕಳಿಸುವ ಅಪೋಲೋ ಕಾರ್ಯಕ್ರಮದ ಬಿಡಿಭಾಗಗಳ ಬೃಹತ್ ಪಟ್ಟಿಯನ್ನು ನಿಭಾಯಿಸಲು 1960ರ ದಶಕದಲ್ಲಿ ಅದು ಸಿದ್ಧವಾಯಿತು. ಅದರಲ್ಲಿ ಒಂದು ಮಾಹಿತಿ ಬೇಕೆಂದರೆ ಅದು ಎಲ್ಲಿದೆ, ಯಾವ ಕವಲು ಹಿಡಿದು ಹೋಗಬೇಕು ಎಂಬುದು ಪ್ರೋಗ್ರಾಂ ಬರೆಯುವವರಿಗೆ ಗೊತ್ತಿರಬೇಕಿತ್ತು. ಜೋಡಣೆ ಬದಲಾದರೆ ಪ್ರೋಗ್ರಾಮನ್ನೂ ಮತ್ತೆ ಬರೆಯಬೇಕಿತ್ತು.

ಎಡ್ಗರ್ ಕಾಡ್ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಅಮೆರಿಕದ ಐಬಿಎಂ ಸೇರಿದ ಗಣಿತಜ್ಞ. ಸ್ಯಾನ್ ಹೋಸೆಯ ಸಂಶೋಧನಾಲಯದಲ್ಲಿದ್ದಾಗ, 1970ರ ಜೂನ್‌ನಲ್ಲಿ ಅವರ ಪ್ರಬಂಧ ಅಚ್ಚಾಯಿತು. ಎಲ್ಲ ಮಾಹಿತಿಯನ್ನೂ ಸಾಲು ಮತ್ತು ಕಾಲಂಗಳ ಕೋಷ್ಟಕಗಳಲ್ಲಿ ಇಡಬಹುದು. ಬಳಸುವವರು ತಮಗೆ ಏನು ಬೇಕೆಂದು ಹೇಳಿದರೆ ಸಾಕು, ಅದನ್ನು ಹುಡುಕುವ ದಾರಿಯನ್ನು ಯಂತ್ರವೇ ಕಂಡುಕೊಳ್ಳಲಿ ಎಂದು ಅವರು ವಾದಿಸಿದರು. ಐಎಂಎಸ್‌ನಿಂದ ಹಣ ಬರುತ್ತಿದ್ದ ಐಬಿಎಂ ಈ ವಿಚಾರವನ್ನು ಮಾರುಕಟ್ಟೆಗೆ ತರಲು ಅವಸರಿಸಲಿಲ್ಲ. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯುಎಲ್. ಆ ಭಾಷೆಯ ಡೇಟಾಬೇಸನ್ನು ಐಬಿಎಂಗಿಂತ ಮೊದಲೇ, 1979ರಲ್ಲಿ, ಮಾರಾಟಕ್ಕೆ ತಂದದ್ದು ಮುಂದೆ ಒರಾಕಲ್ ಎಂದು ಹೆಸರಾದ ಕಂಪನಿ. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಕಲಿಯಲು ಹೊರಟವರಿಗೆ ಇಂದು ಹಣದ ತೊಡಕಿಲ್ಲ. ಎಸ್‌ಕ್ಯುಲೈಟ್, ಮೈಎಸ್‌ಕ್ಯುಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್ ಇವೆಲ್ಲ ಉಚಿತವಾಗಿ ಸಿಗುತ್ತವೆ. ಪ್ರಶ್ನೆ ಕೇಳುವುದನ್ನಷ್ಟೇ ಕಲಿಯಬೇಕೆಂದರೆ ಎಸ್‌ಕ್ಯುಲೈಟ್ ಸಾಕು. ನಿರ್ವಹಣೆಯನ್ನೂ ಕಲಿಯಬೇಕೆಂದರೆ ಪೋಸ್ಟ್‌ಗ್ರೆಸ್ ಒಳ್ಳೆಯ ಆಯ್ಕೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಈ ಯೋಜನೆ 1996ರಿಂದ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಹೆಸರಿನಲ್ಲಿ, ಹಲವು ದೇಶಗಳ ಸ್ವಯಂಸೇವಕರ ಕೈಯಲ್ಲಿ ಬೆಳೆದಿದೆ. ವರ್ಷಕ್ಕೊಂದು ದೊಡ್ಡ ಆವೃತ್ತಿ ಬರುತ್ತದೆ. ಪ್ರತಿಯೊಂದಕ್ಕೂ ಐದು ವರ್ಷ ದುರಸ್ತಿಯ ಭರವಸೆ ಇರುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಒಂದಿದ್ದರೆ ಅಭ್ಯಾಸ ಆರಂಭಿಸಬಹುದು.

ಊರಿನ ಗ್ರಂಥಾಲಯವೊಂದರ ಲೆಕ್ಕವನ್ನೇ ಮೊದಲ ಅಭ್ಯಾಸಕ್ಕೆ ಹಿಡಿಯೋಣ. ಹೊಸಬರು ಸಾಮಾನ್ಯವಾಗಿ ಒಂದೇ ದೊಡ್ಡ ಕೋಷ್ಟಕ ಮಾಡುತ್ತಾರೆ. ಪುಸ್ತಕದ ಹೆಸರು, ಲೇಖಕರು, ಒಯ್ದ ಸದಸ್ಯರ ಹೆಸರು, ವಿಳಾಸ, ಫೋನು, ಒಯ್ದ ದಿನ ಎಲ್ಲವೂ ಒಂದೇ ಸಾಲಿನಲ್ಲಿ. ಸದಸ್ಯರೊಬ್ಬರು ನಲವತ್ತು ಪುಸ್ತಕ ಒಯ್ದಿದ್ದರೆ ಅವರ ವಿಳಾಸ ನಲವತ್ತು ಕಡೆ ಬರೆದಿರುತ್ತದೆ. ಅವರು ಮನೆ ಬದಲಿಸಿದರೆ ನಲವತ್ತನ್ನೂ ತಿದ್ದಬೇಕು. ಮೂರು ಬಿಟ್ಟುಹೋದರೂ ಯಾವ ವಿಳಾಸ ನಿಜ ಎಂದು ಯಂತ್ರ ಹೇಳಲಾರದು. ಆದ್ದರಿಂದ ಪುಸ್ತಕಗಳಿಗೊಂದು ಕೋಷ್ಟಕ, ಸದಸ್ಯರಿಗೊಂದು, ಎರವಲಿಗೊಂದು. ಪ್ರತಿ ಪುಸ್ತಕಕ್ಕೂ ಸದಸ್ಯರಿಗೂ ಒಂದೊಂದು ಗುರುತಿನ ಸಂಖ್ಯೆ. ಎರವಲಿನ ಕೋಷ್ಟಕದಲ್ಲಿ ಆ ಸಂಖ್ಯೆಗಳು ಮತ್ತು ದಿನಾಂಕ ಮಾತ್ರ. ಹೀಗೆ ಕಟ್ಟಿದರೆ, ಇಲ್ಲದ ಸದಸ್ಯರ ಹೆಸರಿನಲ್ಲಿ ಪುಸ್ತಕ ಕೊಡಲು ಹೋದಾಗ ಡೇಟಾಬೇಸ್ ತಾನೇ ತಡೆಯುತ್ತದೆ. ಅಂಥ ನಿರ್ಬಂಧಗಳನ್ನು ಕೋಷ್ಟಕ ಕಟ್ಟುವಾಗಲೇ ಬರೆದುಬಿಡಬೇಕು. ತಪ್ಪು ಮಾಹಿತಿ ಒಳಗೆ ಸೇರಿದ ಮೇಲೆ ಹೆಕ್ಕಿ ತೆಗೆಯುವುದು ಬಹಳ ಶ್ರಮದ ಕೆಲಸ.

ಯಾವ ಕಾಲಂನಲ್ಲಿ ಯಾವ ಬಗೆಯ ಮಾಹಿತಿ ಎಂಬುದೂ ಆಗಲೇ ತೀರ್ಮಾನವಾಗಬೇಕು. ಫೋನ್ ನಂಬರನ್ನು ಅಂಕಿಯೆಂದು ಇಟ್ಟರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಅದು ಪಠ್ಯವಾಗಿಯೇ ಇರಬೇಕು. ಹಣವನ್ನು ಫ್ಲೋಟ್ ಬಗೆಯಲ್ಲಿ ಇಡಬಾರದು. ಅಲ್ಲಿ 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ, ದೂರದ ದಶಾಂಶ ಸ್ಥಾನದಲ್ಲಿ ಚೂರು ಹೆಚ್ಚು ಬರುತ್ತದೆ. ಸಾವಿರಾರು ರಸೀದಿಗಳಾದ ಮೇಲೆ ಆ ಚೂರುಗಳೇ ಲೆಕ್ಕ ತಪ್ಪಿಸುತ್ತವೆ. ಹಣಕ್ಕೆ ನ್ಯೂಮೆರಿಕ್ ಎಂಬ ನಿಖರ ಬಗೆ ಇದೆ. ದಿನಾಂಕಕ್ಕೂ ಅದರದೇ ಬಗೆ ಇದೆ.

ಕನ್ನಡದ ಮಾಹಿತಿ ಇಡುವವರು ಇನ್ನೂ ಕೆಲವು ವಿಷಯ ತಿಳಿದಿರಬೇಕು. ಡೇಟಾಬೇಸ್ ರಚಿಸುವಾಗ ಯುಟಿಎಫ್-8 ಸಂಕೇತವನ್ನು ಆರಿಸದೆ ಹಳೆಯ ಲ್ಯಾಟಿನ್ ಸಂಕೇತದಲ್ಲಿ ಬಿಟ್ಟರೆ ಕನ್ನಡದ ಅಕ್ಷರಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಕೆಲವು ವ್ಯವಸ್ಥೆಗಳಲ್ಲಿ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತವೆ, ಮೂಲ ಅಕ್ಷರ ಮರಳಿ ಬರುವುದಿಲ್ಲ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಪೋಸ್ಟ್‌ಗ್ರೆಸ್ ಅದನ್ನು ಎಣಿಸಿದರೆ ಐದು, ಏಕೆಂದರೆ ಒತ್ತಕ್ಷರದೊಳಗಿನ ವಿರಾಮ ಚಿಹ್ನೆ ಮತ್ತು ಎರಡನೆಯ ನಕಾರ ಬೇರೆಬೇರೆ. ಡಿಸ್ಕಿನ ಮೇಲೆ ಅದು 15 ಬೈಟ್. ಹೆಸರಿಗೆ ಇಪ್ಪತ್ತು ಅಕ್ಷರ ಸಾಕೆಂದು ಕಾಲಂನ ಅಳತೆ ಹಿಡಿದವರಿಗೆ ಕನ್ನಡದ ಉದ್ದ ಹೆಸರುಗಳು ತೊಂದರೆ ಕೊಡುವುದು ಇದರಿಂದಲೇ.

ಹುಡುಕುವಾಗ ಇನ್ನೊಂದು ತೊಡಕು. ಕೆಲವರ ಕೀಲಿಮಣೆ ‘ಕುಮಾರ್’ ಎಂಬ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತದೆ, ಕೆಲವರದು ಸೇರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಅವು ಬೇರೆಬೇರೆ ಹೆಸರು. ಸದಸ್ಯರು ಎದುರಿಗೇ ನಿಂತಿದ್ದರೂ ಪಟ್ಟಿಯಲ್ಲಿ ಸಿಗುವುದಿಲ್ಲ. ಒಳಗೆ ಸೇರಿಸುವ ಮೊದಲೇ ಇಂಥ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ನಿಯಮ ಬೇಕು. ಅಕಾರಾದಿಯ ಕಥೆಯೂ ಹೀಗೆಯೇ. ಯುನಿಕೋಡಿನ ಸಂಖ್ಯಾಕ್ರಮದಲ್ಲಿ ‘ಳ’ ಬರುವುದು ‘ಲ’ ಆದ ಕೂಡಲೇ, ‘ವ’ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದಮೇಲೆ. ಬರೀ ಸಂಖ್ಯಾಕ್ರಮದಲ್ಲಿ ಜೋಡಿಸಿದರೆ ‘ಹಳೆ’ ಮೊದಲು ಬಂದು ‘ಹವೆ’ ಆಮೇಲೆ ಬರುತ್ತದೆ; ನಿಘಂಟು ನೋಡಿ ಅಭ್ಯಾಸವಾದವರು ಹುಡುಕುವುದು ಇದಕ್ಕೆ ತಿರುಗಾಮುರುಗಾ. ಭಾಷೆಗೆ ತಕ್ಕ ವಿಂಗಡಣೆಯ ನಿಯಮ ಆರಿಸುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿದೆ. ಕನ್ನಡದ ಪಟ್ಟಿ ಮಾಡುವವರು ಅದನ್ನು ಬಳಸಿ, ಫಲಿತಾಂಶವನ್ನು ಕಣ್ಣಾರೆ ನೋಡಿ ಒಪ್ಪಿಕೊಳ್ಳಬೇಕು.

ಈಗ ಡೇಟಾಬೇಸಿನ ಜೀವಾಳವಾದ ಟ್ರಾನ್ಸಾಕ್ಷನ್. ಸಹಕಾರ ಸಂಘವೊಂದರಲ್ಲಿ ಒಬ್ಬರ ಖಾತೆಯಿಂದ 5,000 ರೂಪಾಯಿ ತೆಗೆದು ಇನ್ನೊಬ್ಬರ ಖಾತೆಗೆ ಹಾಕಬೇಕು. ತೆಗೆದದ್ದಾಯಿತು; ಹಾಕುವ ಮೊದಲು ಕರೆಂಟು ಹೋಯಿತು. ಹಣ ಎಲ್ಲಿ? ಒಳ್ಳೆಯ ಡೇಟಾಬೇಸ್ ಈ ಎರಡು ಹೆಜ್ಜೆಗಳನ್ನು ಒಂದೇ ಕಟ್ಟಾಗಿ ನೋಡುತ್ತದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದಕ್ಕಾಗಿ ಪೋಸ್ಟ್‌ಗ್ರೆಸ್ ಯಾವ ಬದಲಾವಣೆಯನ್ನಾದರೂ ಮೊದಲು ಒಂದು ದಿನಚರಿ ಕಡತದಲ್ಲಿ ಬರೆದು, ಅದು ಡಿಸ್ಕಿಗೆ ಇಳಿದದ್ದನ್ನು ಖಚಿತ ಮಾಡಿಕೊಂಡ ಮೇಲೆಯೇ ಕೆಲಸ ಮುಗಿಯಿತೆಂದು ಹೇಳುತ್ತದೆ. ಕರೆಂಟು ಬಂದಾಗ ಆ ದಿನಚರಿಯನ್ನು ಓದಿ, ಮುಗಿದ ಕೆಲಸವನ್ನು ಉಳಿಸಿಕೊಂಡು ಅರ್ಧಕ್ಕೆ ನಿಂತದ್ದನ್ನು ಕೈಬಿಡುತ್ತದೆ. ಟ್ರಾನ್ಸಾಕ್ಷನ್ನಿನ ಶಾಸ್ತ್ರವನ್ನು ಗಟ್ಟಿಗೊಳಿಸಿದವರಲ್ಲಿ ಜಿಮ್ ಗ್ರೇ ಪ್ರಮುಖರು; 1998ರ ಟ್ಯೂರಿಂಗ್ ಪ್ರಶಸ್ತಿ ಅವರದು. ಇಂದು ಎಟಿಎಂನಿಂದ ರೈಲ್ವೆ ಟಿಕೆಟ್‌ವರೆಗೆ ಜನ ನಂಬಿ ನಡೆದಿರುವುದು ಈ ಶಾಸ್ತ್ರವನ್ನು.

ಹೊಸ ನಿರ್ವಾಹಕರನ್ನು ಕಾಪಾಡುವುದೂ ಇದೇ ಟ್ರಾನ್ಸಾಕ್ಷನ್. ಅಪ್‌ಡೇಟ್ ಅಥವಾ ಡಿಲೀಟ್ ಆಜ್ಞೆಯಲ್ಲಿ ‘ವೇರ್’ ಎಂಬ ಷರತ್ತು ಬರೆಯಲು ಮರೆತರೆ, ಒಬ್ಬ ಸದಸ್ಯರ ವಿಳಾಸ ಬದಲಿಸಲು ಹೋಗಿ ಎಲ್ಲ ಸದಸ್ಯರ ವಿಳಾಸವೂ ಬದಲಾಗುತ್ತದೆ. ಅನುಭವಿಗಳು ಮಾಡುವುದು ಹೀಗೆ: ಮೊದಲು ಅದೇ ಷರತ್ತಿನ ಸೆಲೆಕ್ಟ್ ಆಜ್ಞೆ ಕೊಟ್ಟು ಎಷ್ಟು ಸಾಲು ಬರುತ್ತವೆಂದು ನೋಡುತ್ತಾರೆ. ಬಳಿಕ ಬಿಗಿನ್ ಎಂದು ಟ್ರಾನ್ಸಾಕ್ಷನ್ ತೆರೆದು ಅಪ್‌ಡೇಟ್ ಕೊಡುತ್ತಾರೆ. ಬದಲಾದ ಸಾಲುಗಳ ಸಂಖ್ಯೆ ನಿರೀಕ್ಷೆಯಷ್ಟೇ ಇದ್ದರೆ ಕಮಿಟ್. ಇಲ್ಲದಿದ್ದರೆ ರೋಲ್‌ಬ್ಯಾಕ್ ಎಂದರೆ ಎಲ್ಲವೂ ಮೊದಲಿನಂತೆ. ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಕೋಷ್ಟಕವನ್ನು ಅಳಿಸಿದ್ದನ್ನೂ ಕಮಿಟ್‌ಗೆ ಮೊದಲು ಹೀಗೆ ಹಿಂದಕ್ಕೆ ಪಡೆಯಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಆ ಅವಕಾಶವಿಲ್ಲ. ಕೋಷ್ಟಕ ಅಳಿಸುವ ಆಜ್ಞೆ ಕೊಟ್ಟ ಗಳಿಗೆಯಲ್ಲೇ ಅದು ಖಾಯಂ.

ಕೋಷ್ಟಕ ಬೆಳೆದಂತೆ ಉತ್ತರ ನಿಧಾನವಾಗುತ್ತದೆ. ಪುಸ್ತಕದ ಕೊನೆಯ ಪದಸೂಚಿಯಂತೆ ಇಲ್ಲಿಯೂ ಇಂಡೆಕ್ಸ್ ಕಟ್ಟಿದರೆ ಯಂತ್ರ ಲಕ್ಷ ಸಾಲುಗಳನ್ನು ತಡಕದೆ ನೇರವಾಗಿ ಜಾಗಕ್ಕೆ ಹೋಗುತ್ತದೆ. ಆದರೆ ಪ್ರತಿ ಹೊಸ ಸಾಲು ಸೇರಿದಾಗಲೂ ಇಂಡೆಕ್ಸನ್ನೂ ತಿದ್ದಬೇಕು, ಹಾಗಾಗಿ ಎಲ್ಲ ಕಾಲಂಗೂ ಅದು ಬೇಡ. ಎಕ್ಸ್‌ಪ್ಲೇನ್ ಆಜ್ಞೆ ಕೊಟ್ಟರೆ ಪ್ರಶ್ನೆಗೆ ಯಂತ್ರ ಹಿಡಿಯುವ ದಾರಿ ಕಾಣುತ್ತದೆ. ಅದರ ಜೊತೆ ಅನಲೈಜ್ ಸೇರಿಸಿದರೆ ಆಜ್ಞೆ ನಿಜವಾಗಿಯೇ ನಡೆದುಬಿಡುತ್ತದೆ. ಡಿಲೀಟ್ ಮುಂದೆ ಅದನ್ನು ಹಾಕಿದರೆ ಸಾಲುಗಳು ನಿಜಕ್ಕೂ ಅಳಿಯುತ್ತವೆ.

ಭದ್ರತೆಯ ಪಾಠಕ್ಕೆ 2017ರ ಜನವರಿಯ ಉದಾಹರಣೆ ಇದೆ. ಪಾಸ್‌ವರ್ಡೇ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ದುಷ್ಕರ್ಮಿಗಳು ಆಗ ಅಳಿಸಿಹಾಕಿ, ಹಣ ಕೊಟ್ಟರೆ ಮರಳಿಸುತ್ತೇವೆಂದು ಚೀಟಿ ಬಿಟ್ಟುಹೋದರು. ಯಾವ ಜಾಣ ಕಳ್ಳತನವೂ ಅಲ್ಲಿ ಬೇಕಾಗಿರಲಿಲ್ಲ. 2003ರ ಜನವರಿ 25ರಂದು ಎಸ್‌ಕ್ಯುಎಲ್ ಸ್ಲ್ಯಾಮರ್ ಎಂಬ ದುಷ್ಟ ಪ್ರೋಗ್ರಾಂ ಸುಮಾರು 75,000 ಯಂತ್ರಗಳಿಗೆ ಹರಡಿತು, ಬಹುಪಾಲು ಮೊದಲ ಹತ್ತು ನಿಮಿಷಗಳಲ್ಲಿ. ಅದು ನುಗ್ಗಿದ್ದ, ತನ್ನ ಡೇಟಾಬೇಸಿನ ಬಿರುಕಿಗೆ ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು. ಹಲವರು ಅದನ್ನು ಹಾಕಿಕೊಂಡಿರಲಿಲ್ಲ.

ಆದ್ದರಿಂದ ಡೇಟಾಬೇಸನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆಯಬಾರದು. ಪೋಸ್ಟ್‌ಗ್ರೆಸ್ ಅಳವಡಿಸಿದಾಗ ಅದು ತನ್ನ ಯಂತ್ರದ ಕರೆಗೆ ಮಾತ್ರ ಓಗೊಡುತ್ತದೆ. ಆ ಬೇಲಿಯನ್ನು ಕಿತ್ತುಹಾಕುವ ಮುನ್ನ ಎರಡು ಸಲ ಯೋಚಿಸಬೇಕು. ಸರ್ವಾಧಿಕಾರದ ಖಾತೆಯಿಂದ ದಿನದ ಕೆಲಸ ನಡೆಸಬಾರದು. ಎರವಲು ಬರೆಯುವವರಿಗೆ ಓದುವ, ಸೇರಿಸುವ ಹಕ್ಕು ಸಾಕು. ವರದಿ ತೆಗೆಯುವವರಿಗೆ ಓದುವ ಹಕ್ಕು ಮಾತ್ರ. ಪ್ರತಿಯೊಬ್ಬರಿಗೂ ಅವರವರದೇ ಹೆಸರಿನ ಖಾತೆ ಇರಬೇಕು. ಜಾಲತಾಣದ ಚೌಕದಲ್ಲಿ ಯಾರೋ ಬರೆದದ್ದನ್ನು ನೇರವಾಗಿ ಆಜ್ಞೆಯೊಳಗೆ ಅಂಟಿಸಿದರೆ ಅವರು ಹೆಸರಿನ ಬದಲು ಒಂದು ಆಜ್ಞೆಯನ್ನೇ ಬರೆದು ಒಳನುಗ್ಗಬಹುದು. ಆಜ್ಞೆ ಬೇರೆ, ಬಳಕೆದಾರರು ಕೊಟ್ಟ ಮಾಹಿತಿ ಬೇರೆ ಎಂದು ಪ್ರತ್ಯೇಕವಾಗಿ ಕಳಿಸುವ ಪ್ಯಾರಾಮೀಟರ್ ಕ್ರಮವನ್ನು ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳು ಕೊಟ್ಟಿವೆ. ಅದನ್ನು ತಪ್ಪದೆ ಬಳಸಬೇಕು.

ಡಿಸ್ಕು ತುಂಬುವುದು ಇನ್ನೊಂದು ಅಪಾಯ. ಮೇಲೆ ಹೇಳಿದ ದಿನಚರಿ ಕಡತಗಳು ಪೋಸ್ಟ್‌ಗ್ರೆಸ್‌ನಲ್ಲಿ ಹಿಂದೆ ಎಕ್ಸ್‌ಲಾಗ್ ಎಂಬ ಹೆಸರಿನ ಜಾಗದಲ್ಲಿದ್ದವು. ಜಾಗ ಸಾಲದಾದಾಗ ಇದು ಬೇಡದ ಲಾಗ್ ಇರಬೇಕೆಂದು ಜನ ಅಳಿಸಿ, ಡೇಟಾಬೇಸನ್ನೇ ಕಳೆದುಕೊಳ್ಳುತ್ತಿದ್ದರು. 2017ರ ಹತ್ತನೆಯ ಆವೃತ್ತಿಯಲ್ಲಿ ಆ ಹೆಸರನ್ನೇ ಬದಲಿಸಬೇಕಾಯಿತು. ಡೇಟಾಬೇಸಿನ ಕಡತಗಳನ್ನು ಕೈಯಾರೆ ಮುಟ್ಟಬಾರದು. ಹಾಗೆಯೇ ಹಳೆಯ ಸಾಲುಗಳ ಅವಶೇಷ ಗುಡಿಸುವ ಆಟೋವ್ಯಾಕ್ಯೂಮ್ ಎಂಬ ಕೆಲಸವನ್ನು ವೇಗದ ಆಸೆಗೆ ನಿಲ್ಲಿಸಬಾರದು.

ಇಷ್ಟೆಲ್ಲ ಎಚ್ಚರದ ನಡುವೆಯೂ ಕೈ ತಪ್ಪುತ್ತದೆ. ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರು ತಮ್ಮ ಕೆಲಸ ಇಟ್ಟುಕೊಳ್ಳುವ ಹೆಸರಾಂತ ತಾಣ. ಅದರ ಡೇಟಾಬೇಸೂ ಪೋಸ್ಟ್‌ಗ್ರೆಸ್. 2017ರ ಜನವರಿ 31ರ ರಾತ್ರಿ ಅಲ್ಲಿ ಹೊರೆ ಹೆಚ್ಚಿ, ಮುಖ್ಯ ಯಂತ್ರದ ಪ್ರತಿಬಿಂಬವಾಗಿದ್ದ ಎರಡನೆಯ ಯಂತ್ರ ಹಿಂದೆ ಬಿತ್ತು. ಎರಡನೆಯದನ್ನು ಖಾಲಿ ಮಾಡಿ ಹೊಸದಾಗಿ ತುಂಬಿಸಲು ಹೊರಟ ಎಂಜಿನಿಯರ್, ಅಳಿಸುವ ಆಜ್ಞೆಯನ್ನು ಕೊಟ್ಟದ್ದು ಮುಖ್ಯ ಯಂತ್ರದಲ್ಲಿ. ಒಂದೆರಡು ಕ್ಷಣದಲ್ಲಿ ಅರಿವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ 4.5 ಗಿಗಾಬೈಟ್ ಮಾತ್ರ ಉಳಿದಿತ್ತು.

ಬ್ಯಾಕಪ್ ಇರಬೇಕಲ್ಲ ಎಂದು ಹುಡುಕಿದರು. ದಿನವೂ ಬ್ಯಾಕಪ್ ಹೋಗಿ ಸೇರಬೇಕಾಗಿದ್ದ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಉಪಕರಣ ಪೋಸ್ಟ್‌ಗ್ರೆಸ್ 9.2ರದ್ದು, ಡೇಟಾಬೇಸ್ 9.6ರದ್ದು, ಹಳೆಯ ಉಪಕರಣ ಹೊಸ ಆವೃತ್ತಿಯನ್ನು ಮುಟ್ಟಲು ಒಪ್ಪದೆ ಪ್ರತಿದಿನವೂ ನಿಲ್ಲುತ್ತಿತ್ತು. ಆ ವೈಫಲ್ಯವನ್ನು ತಿಳಿಸಬೇಕಾದ ಇಮೇಲ್‌ಗಳು ದೃಢೀಕರಣವಿಲ್ಲವೆಂದು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಡಿಸ್ಕಿನ ನಕಲು ತೆಗೆಯುವ ವ್ಯವಸ್ಥೆ ಡೇಟಾಬೇಸ್ ಯಂತ್ರಗಳಿಗೆ ಅನ್ವಯವಾಗಿರಲಿಲ್ಲ. ಕಾಗದದ ಮೇಲಿದ್ದ ಯಾವ ರಕ್ಷಣೆಯೂ ಆ ರಾತ್ರಿ ನೆರವಿಗೆ ಬರಲಿಲ್ಲ. ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ನಕಲು ಸಿಕ್ಕಿತು. ಅದರಿಂದ ತಾಣವನ್ನು ಮತ್ತೆ ಎಬ್ಬಿಸಲು ಸುಮಾರು 18 ಗಂಟೆ ಬೇಕಾಯಿತು. ನಡುವಿನ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಯೋಜನೆಗಳ, ಅಷ್ಟೇ ಸಂಖ್ಯೆಯ ಟಿಪ್ಪಣಿಗಳ, 700 ಹೊಸ ಬಳಕೆದಾರರ ವಿವರಗಳು ಹೋದವು. ಸಂಸ್ಥೆ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಲೋಕಕ್ಕೆ ತಿಳಿಸಿತು, ದುರಸ್ತಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಆ ಪ್ರಾಮಾಣಿಕತೆಯ ಫಲವಾಗಿ ಇಂದು ಪ್ರಪಂಚದ ನಿರ್ವಾಹಕರಿಗೆ ಒಂದು ಉತ್ತಮ ಪಾಠ ದೊರೆತಿದೆ.

ಅಲ್ಲಿ ಸೋತದ್ದು ಒಬ್ಬರ ಬೆರಳಲ್ಲ. ಬ್ಯಾಕಪ್ ತೆಗೆಯಲು ಏರ್ಪಾಡು ಮಾಡಿದ್ದರು, ಅದರಿಂದ ಡೇಟಾಬೇಸನ್ನು ಮರಳಿ ಕಟ್ಟಿ ನೋಡುವ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲ. ಪ್ರತಿಬಿಂಬ ಯಂತ್ರ ಇದ್ದರೆ ಬ್ಯಾಕಪ್ ಬೇಡ ಎನ್ನುವುದೂ ತಪ್ಪು ಎಣಿಕೆ. ಮುಖ್ಯ ಡೇಟಾಬೇಸಿನಲ್ಲಿ ತಪ್ಪಾಗಿ ಅಳಿಸಿದ ಸಾಲು ಕ್ಷಣಮಾತ್ರದಲ್ಲಿ ಪ್ರತಿಬಿಂಬದಲ್ಲೂ ಅಳಿಯುತ್ತದೆ.

ಚಿಕ್ಕ ಸಂಸ್ಥೆಗೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ ಡಂಪ್ ಉಪಕರಣ ಇಡೀ ಡೇಟಾಬೇಸನ್ನು ಒಂದು ಕಡತವಾಗಿ ಬರೆದುಕೊಡುತ್ತದೆ. ಪಿಜಿ ರಿಸ್ಟೋರ್ ಅದನ್ನು ಮರಳಿ ಕಟ್ಟುತ್ತದೆ. ರಾತ್ರಿ ತಾನಾಗಿಯೇ ಬ್ಯಾಕಪ್ ನಡೆಯುವಂತೆ ಹೊಂದಿಸಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ನಿಯಮ ಹಳೆಯದು, ಈಗಲೂ ಸರಿಯಾದದ್ದು. ಎಷ್ಟು ಹೊತ್ತಿನ ಮಾಹಿತಿ ಹೋದರೆ ಸಂಸ್ಥೆ ತಡೆದುಕೊಳ್ಳಬಲ್ಲದು, ಎಷ್ಟು ಹೊತ್ತು ಕೆಲಸ ನಿಂತರೆ ಸಹಿಸಬಲ್ಲದು ಎಂಬ ಎರಡು ಪ್ರಶ್ನೆಗಳಿಗೆ ಆಡಳಿತದವರು ಮೊದಲೇ ಉತ್ತರ ಬರೆದಿಟ್ಟರೆ ಬ್ಯಾಕಪ್ ದಿನಕ್ಕೊಮ್ಮೆಯೋ ಗಂಟೆಗೊಮ್ಮೆಯೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಶಾಲೆಯ ಅಂಕಪಟ್ಟಿ, ಹಾಲಿನ ಡೇರಿಯ ಲೆಕ್ಕ, ಆಸ್ಪತ್ರೆಯ ರೋಗಿಗಳ ವಿವರ, ಸಂಘದ ಠೇವಣಿ ಇವೆಲ್ಲ ಇಂದು ಯಾವುದೋ ಒಂದು ಡೇಟಾಬೇಸಿನಲ್ಲಿವೆ. ಕಲಿಯಲು ಹೊರಟಿರುವ ಯುವಕ ಯುವತಿಯರಲ್ಲಿ ಒಂದು ಕೋರಿಕೆ. ಈ ವಾರವೇ ಒಂದು ಚಿಕ್ಕ ಡೇಟಾಬೇಸ್ ಕಟ್ಟಿ, ಅದರ ಬ್ಯಾಕಪ್ ತೆಗೆಯಿರಿ. ಆ ಕಡತವನ್ನು ಇನ್ನೊಂದು ಯಂತ್ರಕ್ಕೆ ಒಯ್ದು ಮರಳಿ ಕಟ್ಟಿರಿ, ಸಾಲುಗಳನ್ನು ಎಣಿಸಿ ತಾಳೆ ನೋಡಿರಿ. ಈಗಾಗಲೇ ಯಾರದಾದರೂ ಮಾಹಿತಿಯ ಹೊಣೆ ಹೊತ್ತಿರುವವರು ಇದನ್ನು ತಿಂಗಳಿಗೊಮ್ಮೆ, ದಿನಾಂಕ ಗುರುತು ಹಾಕಿಕೊಂಡು, ತಪ್ಪದೆ ಮಾಡಿರಿ.